ಹಳೆ ಎಂಟಿಬಿಗೆ ಹೊಸ ಸಾಮಾನು: ದುರ್ಗದ ಬಂಡೆಗೆ ಯಾವುದು, ದಾವಣಗೆರೆಯ ಎರೆಗೆ ಯಾವುದು

ಹಳೆಯ ಮೌಂಟನ್ ಬೈಕಿಗೆ ದುಡ್ಡು ಹಾಕುವ ಮುಂಚೆ ಹಿಂದಿನ ಚಕ್ರ ಬಿಚ್ಚಿ, ಗೇರಿನ ಗೊಂಚಲನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ ನೋಡಿ. ಆಕ್ಸಲ್ ಸುತ್ತ ಟೂಲ್ ಕೂರುವ ಕಚ್ಚುಗಳಿರುವ ಒಂದು ಉಂಗುರ ಕಾಣುತ್ತದೆ. ಅದು ಗೇರಿನ ಜೊತೆಗೇ ತಿರುಗಿದರೆ ನಿಮ್ಮದು ಕ್ಯಾಸೆಟ್, ಹಬ್ಬಿನ (ಚಕ್ರದ ನಡುವಿನ ಗುಂಬದ) ಮೇಲೆ ಜಾರಿಸಿ ಕೂರಿಸಿದ್ದು. ಗೇರು ತಿರುಗುತ್ತಿದ್ದರೂ ಉಂಗುರ ಅಲ್ಲೇ ನಿಂತಿದ್ದರೆ ಹಬ್ಬಿಗೆ ಥ್ರೆಡ್‌ನಲ್ಲಿ ಕೂರಿಸಿದ ಫ್ರೀವೀಲ್. ಮುಂದೆ ಮಾಡಬೇಕಾದ ಖರ್ಚೆಲ್ಲ ಈ ಒಂದು ಪರೀಕ್ಷೆಯ ಮೇಲೆ ನಿಂತಿದೆ. ಅಂಗಡಿಯಲ್ಲಿ ಮೊದಲು ಕೇಳುವ ಪ್ರಶ್ನೆ "ಯಾವ ಬ್ರ್ಯಾಂಡ್ ಬೇಕು" ಎಂಬುದು. ಕೇಳಬೇಕಾದದ್ದು "ಹಿಂದಿನ ಹಬ್ ಯಾವುದು" ಎಂದು.

ಯಾಕೆಂದರೆ ಫ್ರೀವೀಲ್ ಹಬ್ಬಿನಲ್ಲಿ ಬಲಗಡೆಯ ಬೇರಿಂಗ್ ಗೇರಿನ ಗೊಂಚಲಿನ ಒಳಮಗ್ಗುಲಿಗೆ ಇರುತ್ತದೆ. ಅಲ್ಲಿಂದ ಫ್ರೇಮಿನವರೆಗೆ ಆಕ್ಸಲ್ ಆಸರೆಯಿಲ್ಲದೆ ಚಾಚಿಕೊಂಡಿರುತ್ತದೆ. ಗೇರು ಹೆಚ್ಚಿದಷ್ಟೂ ಈ ಚಾಚು ಉದ್ದ, ಆಕ್ಸಲ್ ಬಾಗುವ ಸಾಧ್ಯತೆಯೂ ಹೆಚ್ಚು. ಕ್ಯಾಸೆಟ್ ಹಬ್ಬಿನಲ್ಲಿ ಬಲಗಡೆಯ ಬೇರಿಂಗ್ ಫ್ರೀಹಬ್ಬಿನ (ಹಬ್ಬಿಗೇ ಸೇರಿದ, ಗೇರು ಕೂರುವ ಭಾಗ) ಹೊರತುದಿಯಲ್ಲಿ ಕೂತಿರುವುದರಿಂದ ಆ ತೊಂದರೆ ಬಹುತೇಕ ಇಲ್ಲ. ಎಂಟು ಗೇರಿನ ಥ್ರೆಡ್ ಫ್ರೀವೀಲ್ ಕೂಡ ಮಾರುಕಟ್ಟೆಯಲ್ಲಿ ಸಿಗುತ್ತದೆ, ಅಗ್ಗ ಎಂದು ಅದನ್ನು ಕೊಳ್ಳಬೇಡಿ. ಗುಂಡಿ, ಬಂಡೆ ಹಾರಿಸುವ ಸವಾರಿಗೆ ಅದು ಆಕ್ಸಲ್ ಮುರಿಯುವ ನೇರ ದಾರಿ. ರಿಮ್ಮಿನ ಔಟ್ (ಓಲಾಟ) ಎಷ್ಟು ತೆಗೆದರೂ ಚಕ್ರ ಒಂದೇ ಕಡೆಗೆ ವಾಲುತ್ತಿದೆ ಎಂದಾದರೆ ಕಡ್ಡಿಯನ್ನು ದೂರುವುದು ಬಿಟ್ಟು ಆಕ್ಸಲ್ ತುದಿ ನೋಡಿ. ಚಕ್ರ ಬಿಚ್ಚಿ ಕೈಯಲ್ಲಿ ಆಕ್ಸಲ್ ತಿರುಗಿಸಿದಾಗ ಅದರ ತುದಿ ಸಣ್ಣ ಸುತ್ತು ಹಾಕುತ್ತಿದ್ದರೆ ಅದು ಬಾಗಿದೆ.

ಮೊದಲು ಫ್ರೇಮು

ಫ್ರೇಮು ಗಟ್ಟಿ ಇಲ್ಲದಿದ್ದರೆ ಮೇಲೆ ಹಾಕಿದ ಒಳ್ಳೆ ಸಾಮಾನಿಗೂ ಬೆಲೆಯಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ ಮೂರು ಜಾಗ ನೋಡಿ: ಹ್ಯಾಂಡಲ್ ಕೆಳಗಿನ ಹೆಡ್ ಟ್ಯೂಬಿಗೆ ಡೌನ್ ಟ್ಯೂಬ್ ಸೇರುವ ಬೆಸುಗೆ, ಸೀಟಿನ ಕಂಬಿ ಇಳಿಯುವ ಬಾಯಿ, ಹಿಂದಿನ ಆಕ್ಸಲ್ ಕೂರುವ ಡ್ರಾಪೌಟ್. ಬಣ್ಣದಲ್ಲಿ ಕೂದಲೆಳೆಯ ಗೆರೆ ಕಂಡರೆ ಉಗುರಿನಿಂದ ಅಡ್ಡ ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಬಿರುಕು ಎಂದೇ ತಿಳಿಯಿರಿ. ಕಬ್ಬಿಣದ ಫ್ರೇಮನ್ನು ಊರಿನ ಒಳ್ಳೆಯ ವೆಲ್ಡರ್ ಸರಿಮಾಡಬಲ್ಲ. ಅಲ್ಯೂಮಿನಿಯಂ ಫ್ರೇಮನ್ನು ಹಾಗೆ ಬೆಸೆದರೆ ಕಾರ್ಖಾನೆಯಲ್ಲಿ ಕಾಯಿಸಿ ಹದಮಾಡಿದ ಗಟ್ಟಿತನ ಬೆಸುಗೆಯ ಸುತ್ತ ಹೋಗಿಬಿಡುತ್ತದೆ. ಅದು ಮತ್ತೆ ಅಲ್ಲೇ, ಬಹುಶಃ ಇಳಿಜಾರಿನಲ್ಲಿ, ಬಿಟ್ಟುಕೊಳ್ಳುತ್ತದೆ. ಅಂಥ ಸೈಕಲ್ಲಿಗೆ ಒಂದು ರೂಪಾಯಿಯೂ ಹಾಕಬೇಡಿ.

ಆಮೇಲೆ ಅಳತೆ. ಹಿಂದಿನ ಡ್ರಾಪೌಟ್‌ಗಳ ಒಳಮುಖದ ನಡುವೆ 135 ಮಿ.ಮೀ. ಇದ್ದರೆ ಮಾಮೂಲಿ ಎಂಟಿಬಿ ಹಬ್ ನೇರವಾಗಿ ಕೂರುತ್ತದೆ. 130 ಇದ್ದು ಫ್ರೇಮು ಕಬ್ಬಿಣದ್ದಾದರೆ ಸ್ವಲ್ಪ ಅಗಲಿಸಬಹುದು. ಅಲ್ಯೂಮಿನಿಯಂ ಆದರೆ ಆ ಪ್ರಯೋಗ ಬೇಡ. ಎಡಗಡೆ ಡ್ರಾಪೌಟ್ ಹತ್ತಿರ 51 ಮಿ.ಮೀ. ಅಂತರದ ಎರಡು ತೂತು ಇದ್ದರೆ ಡಿಸ್ಕ್ ಬ್ರೇಕ್ ಹಾಕುವ ಜಾಗ ಇದೆ ಎಂದರ್ಥ. ಅದಿಲ್ಲದ ಫ್ರೇಮಿಗೆ ಕ್ಲಾಂಪ್ ಪಟ್ಟಿ ಬಿಗಿದು ಡಿಸ್ಕ್ ಕೂರಿಸಿಕೊಡುತ್ತೇವೆ ಎನ್ನುವವರ ಮಾತು ಕೇಳಬೇಡಿ. ಆ ಕೊಳವೆಯನ್ನು ಬ್ರೇಕಿನ ತಿರುಚು ಬಲಕ್ಕೆಂದು ಮಾಡಿರುವುದಿಲ್ಲ.

ಇನ್ನು ಚೈನ್‌ವೀಲ್, ಅಂದರೆ ಪೆಡಲ್ ಬಳಿಯ ಹಲ್ಲುಚಕ್ರ. ಅಗ್ಗದ ಕ್ರ್ಯಾಂಕುಗಳಲ್ಲಿ (ಪೆಡಲ್ ಕೂರುವ ತೋಳು) ಮೂರೂ ಚೈನ್‌ವೀಲ್‌ಗಳನ್ನು ರಿವೆಟ್ ಹೊಡೆದು ಕೂಡಿಸಿರುತ್ತಾರೆ. ಬೋಲ್ಟ್ ಇದ್ದರೆ ಒಂದೊಂದೇ ಬದಲಿಸಬಹುದು, ರಿವೆಟ್ ಆದರೆ ಇಡೀ ಕ್ರ್ಯಾಂಕ್‌ಸೆಟ್ ಹೋಗಬೇಕು. ಎಸ್ಟಿಮೇಟಿನಲ್ಲಿ ಕಾಣದೆ ಕೊನೆಗೆ ಬಿಲ್ಲಿನಲ್ಲಿ ಕಾಣಿಸಿಕೊಳ್ಳುವ ಖರ್ಚು ಇದೇ.

ನಿಮ್ಮ ದಾರಿ ಯಾವುದು

ದಾವಣಗೆರೆ, ಚಿತ್ರದುರ್ಗ ಎರಡು ಊರಿನ ನಡುವೆ ಅರವತ್ತು ಕಿಲೋಮೀಟರಿನಷ್ಟೇ ದೂರ, ನೆಲ ಮಾತ್ರ ಬೇರೆ ಬೇರೆ. ದಾವಣಗೆರೆ, ಹರಿಹರ, ಮಲೇಬೆನ್ನೂರಿನ ಕಡೆ ಭದ್ರಾ ನಾಲೆ ಏರಿಯ ಸಮತಟ್ಟು ದಾರಿ, ಗದ್ದೆ ಬದು, ಎರೆ ಹೊಲದ ಬಂಡಿಜಾಡು. ಕೊಂಡಜ್ಜಿ, ಬಾತಿಗುಡ್ಡದಂಥ ಜಾಗ ಬಿಟ್ಟರೆ ದೊಡ್ಡ ಏರಿಲ್ಲ. ದುರ್ಗದ ಕಡೆ ಹೆಬ್ಬಂಡೆ, ಗರಸು, ಸಡಿಲ ಜಲ್ಲಿ, ಗಾಳಿಯಂತ್ರ ನೆಟ್ಟ ಗುಡ್ಡಗಳಿಗೆ ಹತ್ತುವ ಕಡಿದಾದ ಕಚ್ಚಾ ರಸ್ತೆ. ಆಷಾಢದ ಗಾಳಿಗೆ ಎದುರಾಗಿ ಹತ್ತುವಾಗ ಗೇರು ಎಷ್ಟು ಹಗುರವಿದ್ದರೂ ಸಾಲದು. (ಜೋಗಿಮಟ್ಟಿ ವನ್ಯಜೀವಿಧಾಮ. ಒಳಗಿನ ದಾರಿಗಳಿಗೆ ಅರಣ್ಯ ಇಲಾಖೆಯವರನ್ನು ಕೇಳಿಕೊಂಡೇ ಹೋಗಬೇಕು.) ಹಾಗಾಗಿ ದಾವಣಗೆರೆಯ ಸವಾರನಿಗೆ ಏಳು ಗೇರಿನ ಸೈಕಲ್ಲಿಗೆ ಟೈರು, ಕೇಬಲ್ ಬದಲಿಸಿದರೆ ಹೆಚ್ಚುಕಡಿಮೆ ಸಾಕಾಗುತ್ತದೆ. ದುರ್ಗದವನಿಗೆ ಗೇರು, ಬ್ರೇಕು ಎರಡೂ ಬೇಕು.

ಟೈರು: ಎಲ್ಲರೂ ಇಲ್ಲಿಂದಲೇ ಶುರುಮಾಡಿ

ಖರ್ಚಿಗೆ ತಕ್ಕ ಫಲ ಇಷ್ಟು ಬೇಗ ಕೊಡುವ ಭಾಗ ಇನ್ನೊಂದಿಲ್ಲ. ಟೈರಿನ ಮಗ್ಗುಲಲ್ಲಿ 54-559 ಎಂದಿದ್ದರೆ ಅದು 26 ಇಂಚಿನ ಚಕ್ರ, 54 ಮಿ.ಮೀ. ಅಗಲ. 584 ಎಂದರೆ 27.5 ಇಂಚು, 622 ಎಂದರೆ 29. ಕೊಳ್ಳುವಾಗ ಈ ಮೂರಂಕಿಯನ್ನೇ ಹೇಳಿ, ಇಂಚಿನ ಲೆಕ್ಕ ಮೋಸಮಾಡುತ್ತದೆ. 26 ಇಂಚಿನ ಒಳ್ಳೆ ಟೈರು ಈಗ ಊರಿನ ಅಂಗಡಿಗಳಲ್ಲಿ ಅಪರೂಪ. ಆನ್‌ಲೈನಿನಲ್ಲಿ ಸಿಕ್ಕಾಗ ಜೋಡಿ ತರಿಸಿಟ್ಟುಕೊಳ್ಳುವುದು ಲೇಸು.

ಗರಸು, ಬಂಡೆಗೆ 2.1ರಿಂದ 2.25 ಇಂಚು ಅಗಲ, ಮಗ್ಗುಲಲ್ಲಿ ಗಟ್ಟಿ ಗುಬ್ಬಿ ಇರುವ ಟೈರು. ಎರೆ ನೆಲಕ್ಕೆ ಲೆಕ್ಕ ತಿರುಗುಮುರುಗು. ಮಳೆಯಾದ ಮೇಲೆ ಎರೆಮಣ್ಣು ಟೈರಿಗೆ ಮೆತ್ತಿಕೊಂಡು ಫೋರ್ಕಿನ ಕಮಾನಿಗೂ ಚೈನ್‌ಸ್ಟೇಗೂ (ಹಿಂದಿನ ಚಕ್ರ ಹಿಡಿಯುವ ಕೆಳ ಕೊಳವೆ) ತುಂಬಿ ಚಕ್ರವನ್ನೇ ನಿಲ್ಲಿಸಿಬಿಡುತ್ತದೆ. ಅಲ್ಲಿ 1.95 ಅಗಲದ, ಗುಬ್ಬಿಗಳ ನಡುವೆ ಬಯಲು ಹೆಚ್ಚಿರುವ ಟೈರು ಮಣ್ಣನ್ನು ಬೇಗ ಉದುರಿಸುತ್ತದೆ. ನಿಜ ಹೇಳಬೇಕೆಂದರೆ, ಹಸಿ ಎರೆಯ ಮೇಲೆ ಯಾವ ಟೈರೂ ನಡೆಯುವುದಿಲ್ಲ. ಎರಡು ದಿನ ನಾಲೆ ಏರಿ ಹಿಡಿಯಿರಿ.

ಮುಳ್ಳಿನ ಮಾತು ಬೇರೆಯೇ. ಬಳ್ಳಾರಿ ಜಾಲಿಯ ಉದ್ದ ಮುಳ್ಳು ಟೈರನ್ನು ನೇರ ದಾಟುತ್ತದೆ. ನೆಗ್ಗಿಲುಮುಳ್ಳು ಗಿಡ್ಡ, ಆದರೆ ಒಮ್ಮೆಗೆ ಹತ್ತಾರು ಚುಚ್ಚುತ್ತವೆ. ಮೂರು ಉಪಾಯಗಳಿವೆ.

ಮೊದಲನೆಯದು ದಪ್ಪ ಟ್ಯೂಬು, ಅದರ ಹೊರಗೆ ಟೈರ್ ಲೈನರ್ ಪಟ್ಟಿ. ಅಗ್ಗ, ಊರಿನ ಯಾರಾದರೂ ಹಾಕಿಕೊಡುತ್ತಾರೆ. ಚಕ್ರದ ತೂಕ ಹೆಚ್ಚುತ್ತದೆ, ಲೈನರಿನ ಅಂಚು ಕೊಯ್ದು ಟ್ಯೂಬು ತೂತಾಗುವುದೂ ಉಂಟು. ಪಟ್ಟಿಯ ತುದಿಯನ್ನು ಕತ್ತರಿಯಿಂದ ಗುಂಡಗೆ ಕತ್ತರಿಸಿ ಹಾಕಿದರೆ ಇದು ತಪ್ಪುತ್ತದೆ.

ಎರಡನೆಯದು ಇರುವ ಟ್ಯೂಬಿನೊಳಗೇ ಸೀಲಂಟ್. ವಾಲ್ವಿನ ಒಳಪಿನ್ ಬಿಚ್ಚಲು ಬರುವಂಥದ್ದಾಗಿರಬೇಕು. 26 ಇಂಚಿನ ಟ್ಯೂಬಿಗೆ 60ರಿಂದ 90 ಮಿ.ಲೀ. ನೆಗ್ಗಿಲು ತೂತಿಗೆ ಸಾಕು. ಜಾಲಿಮುಳ್ಳು ಟ್ಯೂಬಿನ ಎರಡೂ ಕಡೆ ತೂತು ಮಾಡಿದರೆ ಸಾಲದು. ಆಮೇಲೆ ಪ್ಯಾಚ್ ಹಾಕಿಸುವಾಗ ಸೀಲಂಟ್ ಹಸಿ ಇದ್ದರೆ ಸೊಲ್ಯೂಷನ್ ಹಿಡಿಯದು, ಚೆನ್ನಾಗಿ ಒರೆಸಿ ಉಜ್ಜಿಸಬೇಕು.

ಮೂರನೆಯದು ಟ್ಯೂಬ್‌ಲೆಸ್. ನೆಗ್ಗಿಲಿಗೆ ಇದಕ್ಕಿಂತ ಒಳ್ಳೆ ಮದ್ದಿಲ್ಲ. ಆದರೆ ರಿಮ್ ಡಬಲ್ ವಾಲ್ ಆಗಿರಬೇಕು, ಟೈರು ಟ್ಯೂಬ್‌ಲೆಸ್‌ಗೆಂದೇ ಮಾಡಿದ್ದಾಗಿರಬೇಕು. ಹಳೆಯ ಸಿಂಗಲ್ ವಾಲ್ ರಿಮ್ಮಿಗೆ ಟೇಪು ಸುತ್ತಿ ಕೂರಿಸಿದರೆ ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚಿಕೊಳ್ಳುವ ಅಪಾಯವಿದೆ. ಇಲ್ಲಿನ ಬಿಸಿಲಿಗೆ ಸೀಲಂಟ್ ಬೇಗ ಒಣಗುತ್ತದೆ, ಎರಡು ಮೂರು ತಿಂಗಳಿಗೊಮ್ಮೆ ಅಲ್ಲಾಡಿಸಿ ಸದ್ದು ಕೇಳಿ, ಬೇಕಾದರೆ ತುಂಬಿ. ಹಳೆ ಸೈಕಲ್ಲಿಗಾದರೆ ನಮ್ಮ ಮತ ಎರಡನೆಯ ಉಪಾಯಕ್ಕೆ. ಹೊಸ ಚಕ್ರ ಹೇಗೂ ಕಟ್ಟಿಸುತ್ತಿದ್ದರೆ ಮಾತ್ರ ಟ್ಯೂಬ್‌ಲೆಸ್.

ಗಾಳಿ: 70 ಕಿಲೋ ತೂಕದವರಿಗೆ 2.1 ಇಂಚಿನ ಟೈರಿನಲ್ಲಿ ಟ್ಯೂಬ್ ಇದ್ದರೆ 30ರಿಂದ 35 ಪಿಎಸ್‌ಐ, ಟ್ಯೂಬ್‌ಲೆಸ್ ಆದರೆ 24ರಿಂದ 28. ಕಲ್ಲಿನಂತೆ ಬಿಗಿ ಗಾಳಿ ಹೊಡೆಸಿಕೊಂಡರೆ ಸೈಕಲ್ಲು ಬಂಡೆಯ ಮೇಲೆ ಪುಟಿಯುತ್ತದೆಯೇ ಹೊರತು ಹಿಡಿಯುವುದಿಲ್ಲ. ಪ್ರೆಸ್ಟಾ ಎಂಬ ಸಪೂರ ವಾಲ್ವಿಗೆ ಬದಲಾದರೆ ಎರಡು ವಿಷಯ ನೆನಪಿರಲಿ. ಪೆಟ್ರೋಲ್ ಬಂಕಿನ ನಳಿಗೆ ಅದಕ್ಕೆ ಕೂರುವುದಿಲ್ಲ, ಒಂದು ಹಿತ್ತಾಳೆ ಅಡಾಪ್ಟರ್ ಜೇಬಿನಲ್ಲಿರಲಿ. ಇನ್ನು ಹಳೆ ರಿಮ್ಮಿನ 8.5 ಮಿ.ಮೀ. ತೂತಿನಲ್ಲಿ ಆ ಸಪೂರ ವಾಲ್ವು ಅಲ್ಲಾಡಿ ಬುಡದಲ್ಲಿ ಹರಿಯುತ್ತದೆ, ರಬ್ಬರ್ ಬುಷ್ ಹಾಕಿಯೇ ಕೂರಿಸಿ.

ಗೇರು: ನಾಲ್ಕು ದಾರಿ

ಹೋಲಿಕೆಗೆ ಲೆಕ್ಕ ಬೇಕು. ಮುಂದಿನ ಹಲ್ಲನ್ನು ಹಿಂದಿನ ಹಲ್ಲಿನಿಂದ ಭಾಗಿಸಿದರೆ ಬರುವ ಸಂಖ್ಯೆ ಚಿಕ್ಕದಾದಷ್ಟೂ ಏರು ಹಗುರ. ಕೆಳಗಿನ ವೇಗಗಳು 26 ಇಂಚಿನ ಚಕ್ರಕ್ಕೆ, ನಿಮಿಷಕ್ಕೆ 80 ಸಲ ಪೆಡಲ್ ಸುತ್ತಿದಾಗ.

| ಜೋಡಣೆ | ಅತಿ ಹಗುರ | ಅತಿ ಭಾರ | ವೇಗ, ಕಿ.ಮೀ./ಗಂಟೆ |
|---|---|---|---|
| 42/34/24, ಏಳು ಗೇರು 14–28 | 0.86 | 3.0 | 8.5ರಿಂದ 30 |
| 42/34/24, ಏಳು ಗೇರು 14–34 | 0.71 | 3.0 | 7ರಿಂದ 30 |
| 42/32/22, ಎಂಟು ಗೇರು 11–34 | 0.65 | 3.8 | 6.5ರಿಂದ 38 |
| ಒಂಟಿ 32, ಎಂಟು ಗೇರು 12–42 | 0.76 | 2.67 | 7.5ರಿಂದ 26.5 |
| ಒಂಟಿ 32, ಒಂಬತ್ತು ಗೇರು 11–42 | 0.76 | 2.9 | 7.5ರಿಂದ 29 |

ಪಟ್ಟಿಯಲ್ಲಿ ಒಂದು ಸಂಗತಿ ಎದ್ದು ಕಾಣುತ್ತದೆ. ಮುಂದೆ ಒಂದೇ ಚೈನ್‌ವೀಲ್ ಇರುವ ಈಗಿನ ಜೋಡಣೆಗಿಂತ ಹಳೆಯ ಮೂರು ಚೈನ್‌ವೀಲಿನದ್ದೇ, ಹಿಂದೆ 34 ಹಲ್ಲು ಇದ್ದರೆ, ಏರಿಗೆ ಹಗುರ. ಒಂಟಿ ಚೈನ್‌ವೀಲಿನ ಲಾಭ ಬೇರೆ ಕಡೆಯಿದೆ: ಬಂಡೆಯಲ್ಲಿ ಚೈನು ಬೀಳುವುದಿಲ್ಲ, ಎಡಗೈಗೆ ಕೆಲಸವಿಲ್ಲ, ಮಣ್ಣು ತುಂಬಿಕೊಳ್ಳುವ ಮುಂದಿನ ಡಿರೇಲರ್ (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಸಾಧನ) ಇಲ್ಲ. ಏರಿಗೆ ಹಗುರ ಎಂಬ ಕಾರಣಕ್ಕೆ ಅದನ್ನು ಹಾಕಿಸುವವರು ಹಾಕಿಸಿದ ಮೇಲೆ ಬೇಸರಪಡುತ್ತಾರೆ. ಹಾಕಿಸುವುದೇ ಆದರೆ, ದುರ್ಗದ ಗುಡ್ಡಕ್ಕೆ ಒಂಟಿ 32ರ ಬದಲು 30 ಹಲ್ಲು ತಗೊಳ್ಳಿ. 42ರ ಜೊತೆ 0.71 ಬರುತ್ತದೆ.

ಮೊದಲ ದಾರಿ: ಫ್ರೀವೀಲ್ ಬಿಡದೆ, 14–28 ತೆಗೆದು 14–34 ಹಾಕುವುದು. ಬೇಕಾದದ್ದು ಹೊಸ ಫ್ರೀವೀಲ್, ಹೊಸ ಚೈನು, ಒಳಗೂ ಹೊರಗೂ ಹೊಸ ಗೇರ್ ಕೇಬಲ್. ಇರುವ ಡಿರೇಲರ್ 34 ಹಲ್ಲಿಗೆ ತಾಳುತ್ತದೆಯೇ ನೋಡಿಕೊಳ್ಳಿ. ಶಿಮಾನೊ ಟೂರ್ನಿ ಟಿವೈ300 ತಾಳುತ್ತದೆ. ಈ ಫ್ರೀವೀಲುಗಳಲ್ಲಿ ಹಲವದರಲ್ಲಿ 24ರಿಂದ ಒಮ್ಮೆಲೇ 34ಕ್ಕೆ ಜಿಗಿತ ಇರುತ್ತದೆ. ಕೊನೆಯ ಗೇರಿಗೆ ಹಾಕಿದಾಗ ಕಾಲು ಒಮ್ಮೆ ಬರಿದೇ ಸುತ್ತಿದಂತಾಗುತ್ತದೆ, ರೂಢಿಯಾಗುತ್ತದೆ. ದಾವಣಗೆರೆಯವರಿಗೆ ಇದಕ್ಕಿಂತ ಮುಂದೆ ಹೋಗುವ ಅಗತ್ಯ ಕಡಿಮೆ.

ಇಲ್ಲಿ ಕೆಡುವುದು ಫ್ರೀವೀಲ್ ಬಿಚ್ಚುವಾಗ. ವರ್ಷಗಟ್ಟಲೆ ಪೆಡಲ್ ತುಳಿದು ತುಳಿದು ಅದು ತಾನೇ ಬಿಗಿದುಕೊಂಡಿರುತ್ತದೆ. ಟೂಲನ್ನು ಸುತ್ತಿಗೆಯಲ್ಲಿ ಹೊಡೆಯುವ ಬದಲು ಬೆಂಚಿನ ವೈಸಿಗೆ ಹಿಡಿಸಿ, ಅದರ ಮೇಲೆ ಚಕ್ರ ಕೂರಿಸಿ, ಇಡೀ ಚಕ್ರವನ್ನೇ ಎಡಕ್ಕೆ, ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸಿ. ಹೊಸದನ್ನು ಕೂರಿಸುವಾಗ ಥ್ರೆಡ್‌ಗೆ ಗ್ರೀಸ್ ಕಡ್ಡಾಯ, ಮುಂದಿನ ಸಲ ಬಿಚ್ಚುವವರು ಹರಸುತ್ತಾರೆ.

ಎರಡನೆಯ ದಾರಿ: ಹಿಂದಿನ ಚಕ್ರವನ್ನೇ ಕ್ಯಾಸೆಟ್ ಹಬ್ಬಿಗೆ ಬದಲಿಸಿ, ಎಂಟು ಗೇರಿನ 11–34 ಹಾಕಿ, ಮುಂದಿನ ಮೂರು ಚೈನ್‌ವೀಲ್ ಉಳಿಸಿಕೊಳ್ಳುವುದು. ನಮ್ಮ ಆಯ್ಕೆ ಇದೇ. ಕಾರಣ ಒಂದು ತಾಂತ್ರಿಕ ಅನುಕೂಲ. ಶಿಮಾನೊದ ಹಳೆ ಸಾಲಿನ ಏಳು, ಎಂಟು, ಒಂಬತ್ತು ಗೇರಿನ ಎಂಟಿಬಿ ಡಿರೇಲರುಗಳು ಕೇಬಲ್ ಎಳೆತಕ್ಕೆ ಒಂದೇ ಪ್ರಮಾಣದಲ್ಲಿ ಸರಿಯುತ್ತವೆ. ಹಾಗಾಗಿ ಈಗಿರುವ ಡಿರೇಲರ್ ಗಟ್ಟಿಯಿದ್ದರೆ ಎಂಟು ಗೇರಿನ ಬಲಗಡೆ ಶಿಫ್ಟರ್ (ಗೇರು ಬದಲಿಸುವ ಲಿವರ್) ಒಂದನ್ನು ತಂದರೆ ಸಾಕು. ಆಲ್ಟಸ್ ಎಂ310 ಇದಕ್ಕೆ ಸರಿಯಾದದ್ದು. ಏಳು, ಎಂಟು ಗೇರಿನ ಚೈನೂ ಒಂದೇ. ಹತ್ತು ಗೇರಿನ ಎಂಟಿಬಿಯಿಂದ ಮುಂದಕ್ಕೆ ಎಳೆತದ ಪ್ರಮಾಣ ಬೇರೆ, ಅಲ್ಲಿಂದ ತಂದ ಡಿರೇಲರ್ ಇಲ್ಲಿ ಹೊಂದುವುದಿಲ್ಲ. ಒಂದೊಂದಾಗಿ ಕೊಳ್ಳುವವರು ಮೊದಲು ಚಕ್ರ ತಂದು, ಹಬ್ಬಿನ ಮೇಲೆ 4.5 ಮಿ.ಮೀ. ಸ್ಪೇಸರ್ ಹಾಕಿ ಏಳು ಗೇರಿನ ಕ್ಯಾಸೆಟ್ಟನ್ನೇ ಓಡಿಸಬಹುದು, ದುಡ್ಡು ಕೂಡಿದಾಗ ಎಂಟಕ್ಕೆ ಹೋಗಬಹುದು.

ಚಕ್ರ ಕಟ್ಟಿಸುವಾಗ 36 ತೂತಿನ ಡಬಲ್ ವಾಲ್ ರಿಮ್, 2 ಮಿ.ಮೀ. ಸ್ಟೇನ್‌ಲೆಸ್ ಕಡ್ಡಿ, 135 ಮಿ.ಮೀ. ಹಬ್. ಮುಂದೆ ಡಿಸ್ಕ್ ಹಾಕುವ ಯೋಚನೆ ಇದ್ದರೆ ಈಗಲೇ ಡಿಸ್ಕ್ ಹಬ್ ತಗೊಳ್ಳಿ, ಎರಡು ಸಲ ಚಕ್ರ ಕಟ್ಟಿಸುವುದು ದಂಡ. ಕ್ಯಾಸೆಟ್ಟಿನ ಲಾಕ್‌ರಿಂಗ್ ಬಿಗಿತ 40 ನ್ಯೂಟನ್ ಮೀಟರ್, ಅಂದರೆ ಒಂದಡಿ ಉದ್ದದ ಪಾನಾ ಹಿಡಿದು ಒಳ್ಳೆಯ ಬಲ ಹಾಕಬೇಕು.

ಮೂರನೆಯ ದಾರಿ: ಒಂಟಿ ಚೈನ್‌ವೀಲ್. ಮೈಕ್ರೋಶಿಫ್ಟ್ ಅಕೋಲೈಟ್ ಎಂಟು ಗೇರಿನದು, 12–42. ಅದೇ ಕಂಪನಿಯ ಅಡ್ವೆಂಟ್ ಒಂಬತ್ತು ಗೇರಿನದು, 11–42. ಎರಡೂ ಸಾಮಾನ್ಯ ಎಚ್‌ಜಿ ಫ್ರೀಹಬ್ಬಿಗೆ ಕೂರುತ್ತವೆ ಎಂಬುದೇ ಹಳೆ ಸೈಕಲ್ಲಿಗೆ ದೊಡ್ಡ ಅನುಕೂಲ. ಶಿಫ್ಟರ್, ಡಿರೇಲರ್ ಎರಡೂ ಒಂದೇ ಕುಟುಂಬದ್ದಾಗಿರಬೇಕು, ಶಿಮಾನೊದ ಜೊತೆ ಬೆರೆಸಬೇಡಿ. ಡಿರೇಲರಿನಲ್ಲಿ ಕ್ಲಚ್ ಇರುವ ಮಾದರಿಯನ್ನೇ ಕೇಳಿ, ಚೈನು ಬಡಿಯುವುದೂ ಬೀಳುವುದೂ ಅದರಿಂದ ನಿಲ್ಲುತ್ತದೆ. ಮುಂದೆ ಒಂದು ಹಲ್ಲು ದಪ್ಪ, ಒಂದು ಸಪೂರ ಇರುವ ನ್ಯಾರೋ-ವೈಡ್ ಚೈನ್‌ವೀಲ್ ಬೇಕು. ಅದು ಬೋಲ್ಟುಗಳ ಸುತ್ತಿನ ವ್ಯಾಸ 104 ಮಿ.ಮೀ. ಇರುವ ನಾಲ್ಕು ಬೋಲ್ಟಿನ ಕ್ರ್ಯಾಂಕಿಗೆ ನಡುವಿನ ಜಾಗದಲ್ಲಿ ಕೂರುತ್ತದೆ. ಹಳೆಯ ಎರಡು ಚೈನ್‌ವೀಲಿನ ಬೋಲ್ಟ್ ಇಲ್ಲಿ ಉದ್ದವಾಗುತ್ತದೆ. ಬಿಗಿಯಾದಂತೆ ಅನಿಸುತ್ತದೆ, ಚೈನ್‌ವೀಲ್ ಮಾತ್ರ ಕಟಕಟ ಅನ್ನುತ್ತಲೇ ಇರುತ್ತದೆ. ಸಿಂಗಲ್ ಬೋಲ್ಟ್ ಸೆಟ್ ಜೊತೆಗೇ ತರಿಸಿ.

ನಾಲ್ಕನೆಯದು ಹನ್ನೆರಡು ಗೇರು. ಸ್ರ್ಯಾಮ್ ಎಸ್‌ಎಕ್ಸ್‌ನ 11–50 ಕ್ಯಾಸೆಟ್ ಎಚ್‌ಜಿ ಹಬ್ಬಿಗೂ ಕೂರುತ್ತದೆ, ಶಿಮಾನೊದ ಹನ್ನೆರಡಕ್ಕೆ ಬೇರೆಯೇ ಮೈಕ್ರೋ ಸ್ಪ್ಲೈನ್ ಹಬ್ ಬೇಕು. ಹ್ಯಾಂಗರ್ (ಡಿರೇಲರ್ ತೂಗುವ ಕೊಕ್ಕೆ) ಸ್ವಲ್ಪ ಬಾಗಿದರೂ ಹನ್ನೆರಡು ಗೇರು ಹಟಮಾಡುತ್ತದೆ, ಚೈನು ಸಪೂರ, ಸಾಮಾನು ಊರಿನಲ್ಲಿ ಸಿಗದು. ಹಳೆ ಸೈಕಲ್ಲಿಗೆ ಬೇಡ.

ಯಾವ ದಾರಿ ಹಿಡಿದರೂ ಕೂರಿಸುವ ಕ್ರಮ ಒಂದೇ. ಮೊದಲು ಹಿಂದಿನಿಂದ ನೋಡಿ ಹ್ಯಾಂಗರ್ ನೆಟ್ಟಗಿದೆಯೇ ಖಚಿತಮಾಡಿ. ಚೈನನ್ನು ಡಿರೇಲರಿಗೆ ಹಾಕದೆ ಮುಂದಿನ ದೊಡ್ಡದಕ್ಕೂ ಹಿಂದಿನ ದೊಡ್ಡದಕ್ಕೂ ಸುತ್ತಿ, ತುದಿಗಳು ಸೇರುವ ಜಾಗದಿಂದ ಎರಡು ಕೊಂಡಿ ಹೆಚ್ಚು ಬಿಟ್ಟು ಕತ್ತರಿಸಿ. ಇದಕ್ಕಿಂತ ಗಿಡ್ಡ ಮಾಡಿದರೆ ದೊಡ್ಡ ಗೇರಿಗೆ ಹೋದಾಗ ಹ್ಯಾಂಗರ್ ಕಿತ್ತುಬರುತ್ತದೆ. ಆಮೇಲೆ ಎಚ್ ಸ್ಕ್ರೂನಿಂದ ಚಿಕ್ಕ ಗೇರಿನ ಮಿತಿ, ನಂತರ ಕೇಬಲ್ ಬಿಗಿದು ಬ್ಯಾರೆಲ್ (ಕೇಬಲ್ ಬಿಗಿತ ಹೊಂದಿಸುವ ತಿರುಪು) ಹೊಂದಿಕೆ, ಎಲ್ ಸ್ಕ್ರೂನಿಂದ ದೊಡ್ಡ ಗೇರಿನ ಮಿತಿ, ಕೊನೆಗೆ ಬಿ ಸ್ಕ್ರೂ: ಮೇಲಿನ ಪುಟ್ಟ ಗಾಲಿಗೂ ದೊಡ್ಡ ಗೇರಿಗೂ ಸುಮಾರು 5–6 ಮಿ.ಮೀ. ಸಂದು. ಹಳೆ ಫ್ರೀವೀಲಿನ ಮೇಲೆ ಹೊಸ ಚೈನು ಹಾಕಿ ಉಳಿತಾಯ ಮಾಡಲು ಹೋಗಬೇಡಿ. ಸವೆದ ಹಲ್ಲಿನ ಮೇಲೆ ಹೊಸ ಚೈನು ಏರಿನಲ್ಲಿ ಜಾರುತ್ತದೆ. ಚೈನು ಗೇಜಿನಲ್ಲಿ 0.75 ಮುಟ್ಟಿದಾಗಲೇ ಬದಲಿಸುತ್ತ ಬಂದರೆ ಕ್ಯಾಸೆಟ್ ಬಹುಕಾಲ ಬಾಳುತ್ತದೆ. ಬೇಸಿಗೆಯ ದೂಳಿನಲ್ಲಿ ಹೊಲಿಗೆ ಯಂತ್ರದ ಎಣ್ಣೆ ಸುರಿಯಬೇಡಿ. ಎಣ್ಣೆ, ದೂಳು ಕೂಡಿದರೆ ಹಲ್ಲು ಅರೆಯುವ ಸಾಣೆಯಾಗುತ್ತದೆ. ಡ್ರೈ ಲ್ಯೂಬ್ ಅಥವಾ ಮೇಣದ ಲ್ಯೂಬ್, ಹಚ್ಚಿದ ಮೇಲೆ ಹೊರಗೆಲ್ಲ ಒರೆಸಿ.

ಕ್ರ್ಯಾಂಕ್ ಬಿಚ್ಚುವಾಗ ಹಾಳಾಗುವ ಜಾಗವೂ ಒಂದಿದೆ. ಒಳಗಿನ ಬೋಲ್ಟು, ವಾಷರ್ ತೆಗೆಯದೆ ಪುಲ್ಲರ್ ಹಾಕಿ ತಿರುಗಿಸಿದರೆ ಕ್ರ್ಯಾಂಕಿನ ಥ್ರೆಡ್ಡೇ ಕಿತ್ತುಬರುತ್ತದೆ. ಹಳೆಯ ಗೋಲಿ ಬೇರಿಂಗಿನ ಬಾಟಮ್ ಬ್ರಾಕೆಟ್ (ಕ್ರ್ಯಾಂಕ್ ತಿರುಗುವ ನಡು ಬೇರಿಂಗ್) ಕಟಕಟ ಅನ್ನುತ್ತಿದ್ದರೆ ಅದೇ ಹೊತ್ತಿಗೆ ಸೀಲ್ಡ್ ಕಾರ್ಟ್ರಿಡ್ಜ್ ಹಾಕಿ. ಅದು ಕೂರುವ ಫ್ರೇಮಿನ ಕೊಳವೆಯ ಅಗಲ 68 ಅಥವಾ 73 ಮಿ.ಮೀ. ಅಳೆದು, ಹಳೆಯ ಸ್ಪಿಂಡಲಿನ ಉದ್ದವನ್ನೇ ಕೇಳಿ. ಬಲಗಡೆಯ ಕಪ್ಪಿಗೆ ಉಲ್ಟಾ ಥ್ರೆಡ್, ಎಡಗಡೆಯ ಪೆಡಲಿಗೂ ಉಲ್ಟಾ ಥ್ರೆಡ್.

ಬ್ರೇಕು: ವಿ, ಕೇಬಲ್ ಡಿಸ್ಕ್, ಹೈಡ್ರಾಲಿಕ್

ರಿಮ್ಮನ್ನೇ ಹಿಡಿಯುವ ವಿ-ಬ್ರೇಕು ಕೀಳಲ್ಲ. ಒಳ್ಳೆಯ ಪ್ಯಾಡ್, ಹೊಸ ಕೇಬಲ್, ಶುಚಿ ರಿಮ್ ಇದ್ದರೆ ಒಣ ನೆಲದಲ್ಲಿ ಅಗ್ಗದ ಕೇಬಲ್ ಡಿಸ್ಕಿಗಿಂತ ಚೆನ್ನಾಗಿಯೇ ನಿಲ್ಲಿಸುತ್ತದೆ. ಅದರ ಶತ್ರು ಮಳೆ, ಎರೆಮಣ್ಣು. ಮರಳು ಸೇರಿದ ಕೆಸರು ಪ್ಯಾಡಿಗೆ ಅಂಟಿ ರಿಮ್ಮನ್ನೇ ತಿನ್ನುತ್ತದೆ. ರಿಮ್ಮಿನ ಮಗ್ಗುಲು ಬೆರಳಿಗೆ ತಗ್ಗಾಗಿ ತಗುಲಿದರೆ ರಿಮ್ ಬದಲಿಸುವ ಕಾಲ ಬಂದಿದೆ. ಡಿಸ್ಕಿಗೆ ಜಾಗವಿಲ್ಲದ ಫ್ರೇಮಿಗೆ ಇದೇ ಗತಿ, ಕೆಟ್ಟ ಗತಿಯೇನಲ್ಲ.

ಕೇಬಲ್ ಡಿಸ್ಕಿನಲ್ಲಿ ಒಳಗಡೆಯ ಪ್ಯಾಡ್ ಸಾಮಾನ್ಯವಾಗಿ ಕದಲುವುದಿಲ್ಲ, ಹೊರಗಿನದು ರೋಟರನ್ನು (ಹಬ್ಬಿಗೆ ಬಿಗಿದ ಡಿಸ್ಕ್ ತಟ್ಟೆ) ಅದಕ್ಕೆ ಒತ್ತುತ್ತದೆ. ಒಳಗಡೆಯ ಪ್ಯಾಡನ್ನು ರೋಟರಿಗೆ ಉಜ್ಜದಷ್ಟು ಹತ್ತಿರಕ್ಕೆ ತಂದಿಡದಿದ್ದರೆ ಲಿವರ್ ಹ್ಯಾಂಡಲಿಗೆ ಮುಟ್ಟುತ್ತದೆ. "ಡಿಸ್ಕ್ ಹಿಡಿಯಲ್ಲ" ಎಂಬ ದೂರಿನಲ್ಲಿ ಬಹುಪಾಲು ಇಷ್ಟೇ. ಏವಿಡ್ ಬಿಬಿ7ನಲ್ಲಿ ಎರಡೂ ಕಡೆಯ ಪ್ಯಾಡನ್ನು ಕೈಯಿಂದ ತಿರುಗಿಸಿ ಹೊಂದಿಸಬಹುದು. ಅದರ ಎಂಟಿಬಿ ಮಾದರಿಯನ್ನೇ ಕೊಳ್ಳಿ, ರೋಡ್ ಮಾದರಿಗೆ ವಿ-ಬ್ರೇಕ್ ಲಿವರ್ ಹೊಂದದು. ದೂರದ ಹಳ್ಳಿ ಸುತ್ತುವವರಿಗೆ ಇದು ಒಪ್ಪುತ್ತದೆ. ಕೇಬಲ್ ಹರಿದರೆ ಯಾವ ಊರಿನಲ್ಲಾದರೂ ಸಿಗುತ್ತದೆ. ಬ್ರೇಕಿಗೆ ಗೇರಿನ ಹೊರಕವಚವನ್ನು ಮಾತ್ರ ಯಾವತ್ತೂ ಹಾಕಬೇಡಿ, ಹಾಕಲೂ ಬಿಡಬೇಡಿ. ಅದರ ತಂತಿಗಳು ಉದ್ದಕ್ಕೆ ಮಲಗಿರುತ್ತವೆ, ಜೋರು ಬ್ರೇಕಿಗೆ ಸೀಳಿಕೊಂಡು ಹೊರಬರುತ್ತವೆ.

ಕಡಿದಾದ ಇಳಿಜಾರಿದ್ದರೆ ಹೈಡ್ರಾಲಿಕ್. ಶಿಮಾನೊ ಎಂಟಿ200 ಎಣ್ಣೆ ತುಂಬಿಯೇ ಬರುತ್ತದೆ, ಒಂದು ಬೆರಳಿಗೆ ನಿಲ್ಲುತ್ತದೆ. ಕೊಳ್ಳುವ ಮುಂಚೆ ನಿಮ್ಮ ಬ್ರೇಕ್ ಲಿವರ್ ಮತ್ತು ಗೇರ್ ಶಿಫ್ಟರ್ ಒಂದೇ ತುಂಡೇ ನೋಡಿ. ಅಗ್ಗದ ಸೈಕಲ್ಲುಗಳಲ್ಲಿ ಹಾಗೆ ಬರುವುದೇ ಹೆಚ್ಚು. ಹಾಗಿದ್ದರೆ ಬ್ರೇಕಿನ ಜೊತೆ ಶಿಫ್ಟರುಗಳೂ ಹೊಸದಾಗಬೇಕು. ಆದ್ದರಿಂದ ಗೇರನ್ನೂ ಬ್ರೇಕನ್ನೂ ಒಟ್ಟಿಗೆ ಯೋಚಿಸಿ. ರೋಟರ್ ಮೇಲೆ "ರೆಸಿನ್ ಪ್ಯಾಡ್ ಮಾತ್ರ" ಎಂಬ ಅರ್ಥದ ಬರಹವಿದ್ದರೆ ಲೋಹದ ಪ್ಯಾಡ್ ಹಾಕಬೇಡಿ, ರೋಟರ್ ಬೇಗ ತಿಂದುಹೋಗುತ್ತದೆ. ಪ್ಯಾಡಿನ ಉಜ್ಜುವ ಪದರ ಅರ್ಧ ಮಿ.ಮೀ.ಗೆ ಬಂದಾಗ ಬದಲಿಸಿ. ಆರು ಬೋಲ್ಟಿನ ರೋಟರಿಗೆ ಟಿ25 ಕೀ ಬೇಕು.

ಶಿಮಾನೊಗೆ ಮಿನರಲ್ ಆಯಿಲ್. ಮೋಟಾರು ಬೈಕಿನ ಡಾಟ್ ಬ್ರೇಕ್ ಆಯಿಲ್ ಹಾಕಿದರೆ ಒಳಗಿನ ರಬ್ಬರ್ ಊದಿ ಬ್ರೇಕು ಕೆಟ್ಟೇಹೋಗುತ್ತದೆ. ಮೋಟಾರು ಗ್ಯಾರೇಜಿನಲ್ಲಿ ರಿಪೇರಿಗೆ ಕೊಡುವವರು ಇದನ್ನು ಬಾಯಿಬಿಟ್ಟು ಹೇಳಬೇಕು. ಎರಡು ಜೋಡಿ ಪ್ಯಾಡ್, ಒಂದು ಸಣ್ಣ ಬಾಟಲಿ ಎಣ್ಣೆ ಮನೆಯಲ್ಲಿರಲಿ. ಪಂಚರಿಗೆ ಸೈಕಲ್ಲನ್ನು ತಲೆಕೆಳಗು ಮಾಡುವುದು ನಮ್ಮ ಕಡೆಯ ವಾಡಿಕೆ. ಹೈಡ್ರಾಲಿಕ್ ಬ್ರೇಕಿನಲ್ಲಿ ಹಾಗೆ ಮಾಡಿದಾಗ ಲಿವರಿನ ತೊಟ್ಟಿಯಲ್ಲಿರುವ ಗಾಳಿ ಪೈಪಿಗೆ ಇಳಿಯಬಹುದು, ನೆಟ್ಟಗೆ ನಿಲ್ಲಿಸಿದ ಮೇಲೆ ಲಿವರ್ ಮೆತ್ತಗಾಗಿರುತ್ತದೆ. ಹತ್ತಿಪ್ಪತ್ತು ಸಲ ಒತ್ತಿ ಗಟ್ಟಿಯಾದ ಮೇಲೆಯೇ ಹೊರಡಿ. ಚಕ್ರ ಬಿಚ್ಚಿದ್ದಾಗ ಲಿವರ್ ಒತ್ತಬೇಡಿ, ಪ್ಯಾಡುಗಳು ಅಂಟಿಕೊಳ್ಳುತ್ತವೆ.

ಹೊಸ ಪ್ಯಾಡು ಮೊದಲ ದಿನವೇ ಹಿಡಿಯುವುದಿಲ್ಲ. ಗಂಟೆಗೆ 25 ಕಿ.ಮೀ. ವೇಗದಿಂದ ನಡಿಗೆಯ ವೇಗಕ್ಕೆ, ಪೂರ್ತಿ ನಿಲ್ಲಿಸದೆ, ಒಂದೊಂದು ಬ್ರೇಕಿಗೂ ಹದಿನೈದಿಪ್ಪತ್ತು ಸಲ ಇಳಿಸಿ. ಚೈನಿಗೆ ಸ್ಪ್ರೇ ಹೊಡೆಯುವಾಗ ರೋಟರಿಗೆ ಬಟ್ಟೆ ಮುಚ್ಚಿ. ಒಂದು ಹನಿ ಎಣ್ಣೆ ಬಿದ್ದ ಪ್ಯಾಡು ಕಿರುಚುತ್ತದೆ, ನಿಲ್ಲಿಸುವುದಿಲ್ಲ. ರೋಟರನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಬಹುದು, ಪ್ಯಾಡು ಮಾತ್ರ ಹೊಸದೇ ಬೇಕು.

ಫೋರ್ಕು: ಕೊನೆಗೆ, ಅಥವಾ ಬೇಡ

ಎಲ್ಲರ ಕಣ್ಣು ಮೊದಲು ಬೀಳುವುದು ಇದರ ಮೇಲೆ. ಹಳೆ ಸೈಕಲ್ಲಿಗೆ ಅತಿ ಕಷ್ಟದ್ದೂ ಇದೇ. ಹಳೆಯ ಫ್ರೇಮುಗಳ ಹೆಡ್ ಟ್ಯೂಬಿಗೆ 28.6 ಮಿ.ಮೀ.ನ ನೇರ ಸ್ಟೀರರ್ (ಫೋರ್ಕಿನ ಮೇಲಿನ ಕೊಳವೆ) ಬೇಕು, ಈಗಿನ ಒಳ್ಳೆ ಏರ್ ಫೋರ್ಕುಗಳು ಬಹುತೇಕ ಬುಡದಲ್ಲಿ ದಪ್ಪಗಿರುವ ಟೇಪರ್ಡ್. 34 ಮಿ.ಮೀ. ಒಳವ್ಯಾಸದ ಹೆಡ್ ಟ್ಯೂಬಿಗೆ ಅದು ಇಳಿಯುವುದೇ ಇಲ್ಲ. 44 ಮಿ.ಮೀ. ಇದ್ದರೆ ಹೊರಗೆ ಕೂರುವ ಕೆಳಕಪ್ಪು ಹಾಕಿ ಕೂರಿಸಬಹುದು. ಚಲನೆ 80 ಅಥವಾ 100 ಮಿ.ಮೀ.ಗೆಂದು ಮಾಡಿದ ಫ್ರೇಮಿಗೆ 120ರ ಫೋರ್ಕ್ ಹಾಕಿದರೆ ಹ್ಯಾಂಡಲ್ ಕೋನ ಸುಮಾರು ಒಂದು ಡಿಗ್ರಿ ಮಲಗುತ್ತದೆ, ಹೆಡ್ ಟ್ಯೂಬಿನ ಬೆಸುಗೆಗೆ ಎಳೆತ ಹೆಚ್ಚುತ್ತದೆ. ಮೊದಲು ಬಿರುಕು ಹುಡುಕಲು ಹೇಳಿದ್ದು ಇದೇ ಜಾಗದಲ್ಲಿ.

ಹಾಗಾಗಿ ಮೂರರಲ್ಲಿ ಒಂದು. ಇರುವ ಸ್ಪ್ರಿಂಗ್ ಫೋರ್ಕನ್ನು ಸರ್ವಿಸ್ ಮಾಡಿಸಿ: ಹಲವು ಸನ್‌ಟೂರ್ ಫೋರ್ಕುಗಳಲ್ಲಿ ಕೆಳಗಿನ ಎರಡು ಬೋಲ್ಟು ಬಿಚ್ಚಿದರೆ ಕೆಳಗಾಲು ಕಳಚಿಕೊಳ್ಳುತ್ತದೆ. ಒಳಗಿನ ಬುಷ್ ಒರೆಸಿ ಗ್ರೀಸ್ ಹಚ್ಚಿ ಮುಚ್ಚುವಷ್ಟರಲ್ಲಿ ಅರ್ಧ ಗಟ್ಟಿತನ ಹೋಗಿರುತ್ತದೆ. ಕೊಳವೆ ತುಕ್ಕು ಹಿಡಿದು ಕುಳಿಬಿದ್ದಿದ್ದರೆ ಆ ಶ್ರಮ ವ್ಯರ್ಥ. ಆಗ ನಾಲೆ ಏರಿ, ಹಳ್ಳಿ ರಸ್ತೆಗಾದರೆ ಸಸ್ಪೆನ್ಷನ್ ಅಳತೆಗೆ ತಕ್ಕಂತೆ ಮಾಡಿದ ಕಬ್ಬಿಣದ ರಿಜಿಡ್ ಫೋರ್ಕ್ ಹಾಕಿ. ತೂಕ ಬಹಳ ಇಳಿಯುತ್ತದೆ, ಕೆಡುವಂಥದ್ದೇನೂ ಇಲ್ಲ. ಹಳೆಯದರ ಆಕ್ಸಲ್‌ನಿಂದ ಕ್ರೌನ್‌ವರೆಗಿನ ಉದ್ದ ಅಳೆದು ಅದಕ್ಕೆ ಹತ್ತಿರದ್ದನ್ನೇ ತರಿಸಿ. ಬಂಡೆಯಲ್ಲೇ ಆಡುವವರು ಮಾತ್ರ ನೇರ ಸ್ಟೀರರಿನ ಏರ್ ಫೋರ್ಕ್ ಹುಡುಕಬೇಕು, ಅದೂ ಬೆಲೆ ವಿಚಾರಿಸಿದ ಮೇಲೆ. ಫೋರ್ಕು, ಚಕ್ರ, ಹೈಡ್ರಾಲಿಕ್ ಮೂರೂ ಬೇಕೆನಿಸಿದರೆ ನೀವು ಕೇಳುತ್ತಿರುವುದು ಬೇರೆ ಸೈಕಲ್ಲನ್ನು. ಆ ದುಡ್ಡಿಗೆ ಕ್ಯಾಸೆಟ್ ಹಬ್, ಡಿಸ್ಕ್, ಟೇಪರ್ಡ್ ಹೆಡ್ ಟ್ಯೂಬ್ ಇರುವ ಸೆಕೆಂಡ್‌ಹ್ಯಾಂಡ್ ಸೈಕಲ್ ನೋಡಿ.

ಹ್ಯಾಂಡಲ್ ಬಗ್ಗೆ ಎರಡು ಮಾತು. ಹಳೆಯ 580–620 ಮಿ.ಮೀ. ಹ್ಯಾಂಡಲ್ ತೆಗೆದು 700ರ ಆಸುಪಾಸಿನದು, ಜೊತೆಗೆ 60–70 ಮಿ.ಮೀ. ಸ್ಟೆಮ್ (ಹ್ಯಾಂಡಲನ್ನು ಫೋರ್ಕಿಗೆ ಹಿಡಿಯುವ ತುಂಡು) ಹಾಕಿದರೆ ಸಡಿಲ ಜಲ್ಲಿಯಲ್ಲಿ ಸೈಕಲ್ಲು ಮಾತು ಕೇಳುತ್ತದೆ. ಸ್ಟೆಮ್ಮಿನ ಬಾಯಿ 25.4 ಅಥವಾ 31.8, ಹ್ಯಾಂಡಲಿಗೆ ಹೊಂದಬೇಕು. ಅಗಲವಾದಾಗ ಹಳೆ ಕೇಬಲ್ ಗಿಡ್ಡವಾಗಿ ತಿರುವಿನಲ್ಲಿ ಗೇರು ತಾನೇ ಬದಲಾಗುತ್ತದೆ. ಕೇಬಲ್ ಬದಲಿಸುವ ದಿನವೇ ಈ ಕೆಲಸವನ್ನೂ ಮುಗಿಸಿ. ಪೆಡಲ್, ಗ್ರಿಪ್, ಸೀಟು ನಿಮ್ಮಿಷ್ಟ.

ಕೂರಿಸಿದ ಮೇಲೆ

ಮೊದಲ ಐವತ್ತು ಕಿಲೋಮೀಟರ್ ಊರ ಹತ್ತಿರವೇ ಓಡಿಸಿ, ಎಲೆನ್ ಕೀ ಜೊತೆಗಿರಲಿ. ಹೊಸ ಗೇರ್ ಕೇಬಲಿನ ಕವಚ ಕುಳಿತುಕೊಂಡು ಗೇರು ತಡವಾಗಿ ಬೀಳತೊಡಗುತ್ತದೆ. ಬ್ಯಾರೆಲನ್ನು ಅರ್ಧರ್ಧ ಸುತ್ತು ಬಿಚ್ಚುತ್ತ ಹೋದರೆ ಸರಿಯಾಗುತ್ತದೆ. ಚೌಕ ಸ್ಪಿಂಡಲಿನ ಕ್ರ್ಯಾಂಕ್ ಬೋಲ್ಟನ್ನು 35ರಿಂದ 50 ನ್ಯೂಟನ್ ಮೀಟರಿನವರೆಗೆ ಮತ್ತೆ ಬಿಗಿಯಿರಿ. ಸಡಿಲ ಬಿಟ್ಟರೆ ಚೌಕ ತೂತು ಗುಂಡಗಾಗಿ ಕ್ರ್ಯಾಂಕೇ ಹೋಗುತ್ತದೆ, ಹೆಚ್ಚಾಗಿ ಎಡಗಡೆಯದು. ಹೊಸದಾಗಿ ಕಟ್ಟಿದ ಚಕ್ರದ ಕಡ್ಡಿಗಳನ್ನು ಎರಡೆರಡಾಗಿ ಹಿಂಡಿ ನೋಡಿ. ಮೆತ್ತಗಾದವು ಸಿಕ್ಕರೆ ಕಟ್ಟಿದವರ ಬಳಿಯೇ ಒಯ್ದು ಇನ್ನೊಮ್ಮೆ ಬಿಗಿಸಿ ಔಟ್ ತೆಗೆಸಿ. ರೋಟರಿನ ಬೋಲ್ಟು, ಕ್ಯಾಲಿಪರಿನ ಬೋಲ್ಟು, ಸ್ಟೆಮ್ಮಿನ ಬೋಲ್ಟು ಒಂದು ಸುತ್ತು ನೋಡಿ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆಮುಂದೆ ಅಲ್ಲಾಡಿಸಿದಾಗ ಹೆಡ್‌ಸೆಟ್ಟಿನಲ್ಲಿ ಟಕ್ ಅಂದರೆ ಸ್ಟೆಮ್ಮಿನ ಮಗ್ಗುಲು ಬೋಲ್ಟು ಸಡಿಲಿಸಿ, ಮೇಲಿನ ಟೋಪಿ ಬೋಲ್ಟನ್ನು ಪ್ಲೇ ಹೋಗುವಷ್ಟೇ ಬಿಗಿದು, ಮತ್ತೆ ಮಗ್ಗುಲು ಬಿಗಿಯಿರಿ.